ಮೊಲಜ್ಜಿಯ ಊರಾಗ ನಮ್ಮತ್ತಿಯ ಹೂಂ

ರೋಣ

ಕತಿ ಹೇಳಾಕ ಒಂದು ಬಾಯಿ ಇದ್ರ ಸಾಕು ಅಂತ ತಿಳಕೊಂಡವರು ನಮ್ಮ ಕಡೆ ಒಂದು ಸರ್ತಿ ಬಂದು ಹೋಗಬೇಕು. ನಮ್ಮಲ್ಲೆ ಕತಿ ಹೇಳಾವ್ರು ಒಬ್ಬರಾದ್ರ ಹೂಂ ಅನ್ನಾವ್ರು ಇನ್ನೊಬ್ಬರು ಬೇಕ ಬೇಕು. ನನ್ನ ತವರುಮನಿ ಗಜೇಂದ್ರಗಡದಾಗ ನಮ್ಮವ್ವ ಕತಿ ಹೇಳೂಮುಂದ ನಾ ತೂಕಡಿಸಿ ಹೂಂ ಅನ್ನೂದು ಬಿಟ್ಟೆ ಅಂದ್ರ, "ರಾಜನ ಮಗ ಅಡವ್ಯಾಗ ನಿಂತಾನ ನೋಡು. ನೀ ಹೂಂ ಅಂದ್ರನ ಅಂವ ಮುಂದ ಹೆಜ್ಜಿ ಇಡಾಂವ" ಅಂತಿದ್ಲು. ನಾ ಗಡಬಡಿಸಿ ಎದ್ದು, ಪಾಪ ಅಂವ ಎಲ್ಲೆ ಹುಲಿ ಬಾಯಾಗ ಬೀಳ್ತಾನೋ ಅಂತ ಹೂಂ ಹೂಂ ಅಂತಿದ್ದೆ.

ಈಗ ನನಗ ಐವತ್ತು ದಾಟೇತಿ. ರೋಣದ ಸಾಲ್ಯಾಗ ಸಣ್ಣ ಮಕ್ಕಳಿಗೆ ಕಲಸ್ತೀನಿ, ಊರಾಗ ಎಲ್ಲಾರೂ ಗಿರಿಜಕ್ಕೋರು ಅಂತಾರ. ಅದ ಒಂದು ಹೂಂ ಸಲುವಾಗಿ ನಾ ವಿಮಾನ ಹತ್ತಿ ಎಸ್ಟೋನಿಯಾ ಅನ್ನೂ ದೇಶಕ್ಕ ಹೋಗಿ ಬಂದೆ ಅಂದ್ರ ನಗಬ್ಯಾಡ್ರಿ.

ಆ ದೇಶದಾಗ ಗೊಂಬಿ ಸಿನಿಮಾ ಮಾಡೂ ಒಂದು ಮನಿ ಐತಿ. ಉಲ್ಲನ್ ಗೊಂಬಿನ ಒಂದೀಟು ಸರಿಸಿ ಒಂದು ಫೋಟೋ, ಮತ್ತೊಂದೀಟು ಸರಿಸಿ ಮತ್ತೊಂದು ಫೋಟೋ. ಹಿಂಗ ತಗದು ತಗದು ಎಲ್ಲಾ ಕೂಡಿಸಿ ಓಡಿಸಿದ್ರ ಗೊಂಬಿ ತಾನ ನಡದಂಗ ಕಾಣ್ತೈತಿ. ಅವರು ಮಾಡಿದ ಮೊಲಜ್ಜಿ ಸಿನಿಮಾ ಇಲ್ಲೀತನಕ ನಾಲ್ಕು ಬಂದಾವ. ಮೊಲಜ್ಜಿ ಅಂದ್ರ ಮೂಗಿನ ಮ್ಯಾಲ ಚಾಳೀಸು ಇಟ್ಟುಗೊಂಡ ಒಂದು ಮುದಿ ಮೊಲ. ಒಲಿ ಮುಂದ ಕುಂತು ಮೊಮ್ಮಕ್ಕಳಿಗೆ ಕತಿ ಹೇಳ್ತಾಳ. ಮರಿಗಳು ನಿದ್ದಿ ಹೋದ್ರೂ ಆಕಿ ಹೇಳ್ಕೋತ ಇರ್ತಾಳ, ಆ ಕತಿನ ಸಿನಿಮಾ. ಇದನ್ನ ನಮ್ಮ ಸೀಮಿ ಮಕ್ಕಳಿಗೆ ನಮ್ಮ ಮಾತಿನ್ಯಾಗ ತೋರಸಬೇಕು ಅಂತ ಹುಬ್ಬಳ್ಳ್ಯಾಗ ಕನ್ನಡ ದನಿ ಕೂಡಿಸಿದ್ರು. ಆ ಕೆಲಸ ಹಿಡದಾಂವ ಮಲ್ಲು, ನನ್ನ ಕೈಯಾಗ ಕಲತಾಂವ. "ಅಕ್ಕೋರ, ಮೊಲಜ್ಜಿ ನೀವ ಆಗಬೇಕ್ರಿ" ಅಂತ ಬೆನ್ನ ಹತ್ತಿದ.

ಹೋದೆ. ಗಾಜಿನ ಖೋಲ್ಯಾಗ ಕೂಡಿಸಿ, ಕಿವಿಗೆ ಏನೋ ಸಿಗಿಸಿ, ಮುಂದೊಂದು ಮೈಕು ಇಟ್ಟು, "ಹೇಳ್ರಿ" ಅಂದ. ಎಲ್ಲಾರ್ದೂ ಬಾಯಿ ಮುಚ್ಚಸಾಕಿ ನಾ, ನನ್ನ ಬಾಯಿನ ಬಂದ್ ಆತು! ಗ್ವಾಡಿಗೆ ಕತಿ ಹ್ಯಾಂಗ ಹೇಳೂದ್ರಿ? ಅವತ್ತ ನಮ್ಮತ್ತಿನೂ ಕಣ್ಣಿನ ದವಾಖಾನಿಗೆ ಅಂತ ನನ್ನ ಕೂಡ ಹುಬ್ಬಳ್ಳಿಗೆ ಬಂದಿದ್ರು, ಹೊರಗ ಬಾಕಿನ ಮ್ಯಾಲ ಕುಂತಿದ್ರು. "ಏ ಮಲ್ಲು, ನಮ್ಮತ್ತಿನ್ನ ಒಳಗ ಕಳಸು" ಅಂದೆ. ಅತ್ತಿ ಬಂದು ನನ್ನ ಮಗ್ಗಲಕ್ಕ ಸ್ಟೂಲ್ ಹಾಕ್ಕೊಂಡು ಕುಂತ್ರು, ನಾ "ಒಂದೂರಾಗ ಒಂದು ಮೊಲ ಇತ್ತಂತ" ಅಂದೆ, ಅತ್ತಿ "ಹೂಂ" ಅಂದ್ರು. ಅಷ್ಟ ಆತು ನೋಡ್ರಿ, ಕತಿ ಕಾಲುವಿ ನೀರು ಬಿಟ್ಟಂಗ ಹರೀತು.

ಆಮ್ಯಾಲ ಮಲ್ಲು ತಲಿ ತಲಿ ಬಡಕೊಂಡ. ಮೈಕಿನ್ಯಾಗ ಅತ್ತಿ ಹೂಂನೂ ಬಿದ್ದಿತ್ತು. ತಗಿಯೂಣಂದ್ರ ಅದು ನನ್ನ ಮಾತಿನ ಬಾಲಕ್ಕ ಅಂಟಿತ್ತು. ಅದನ್ನ ಕತ್ತರಿಸಿದ್ರ ನನ್ನ ಮಾತೂ ಅರ್ಧ ಹೋಗೂವು. ಕಡೀಕ ಹಂಗ ಬಿಟ್ಟ. ಮುಂದಿನ ಮೂರಕ್ಕೂ ಅತ್ತಿನ್ನ ಮಗ್ಗಲಕ್ಕ ಕೂಡಿಸ್ಕೊಂಡ ಹೇಳಿದೆ, ನಾಲ್ಕೂ ಸಿನಿಮಾದಾಗ ಅತ್ತಿ ಹೂಂ ಕುಂತು ಬಿಡ್ತು, ಯಾವ ದೇಶದ ಮೊಲಜ್ಜಿಗೂ ಇಲ್ಲದ್ದು.

ಮಕ್ಕಳಿಗೆ ಅದ ಭಾಳ ಸೇರಿತು. ಸವಡಿ ಸಾಲ್ಯಾಗ ಸಿನಿಮಾ ಹಚ್ಚಿದ್ರ ಇಡೀ ಖೋಲಿ ಅತ್ತಿ ಕೂಡ ಹೂಂ ಅಂತೈತಿ. ಚಿಕ್ಕನರಗುಂದದ ಬೀಗರ ಮನಿಗೆ ಹೋದ್ರ ಓಣಿ ಹುಡುಗ್ರೆಲ್ಲಾ ಬಂದು, "ಅಜ್ಜಿ, ಒಂದ ಸಲ ಹೂಂ ಅನ್ರಿ" ಅಂತ ಗಂಟ ಬೀಳ್ತಾವ. ಅತ್ತಿ ಮದಲ ಒಲ್ಲೆ ಒಲ್ಲೆ ಅಂತ ಡೌಲು ಮಾಡಿ, ಆಮ್ಯಾಲ ಸೆರಗು ಸರಿ ಮಾಡ್ಕೊಂಡು, ಗಂಟಲಾ ಸರಿ ಮಾಡ್ಕೊಂಡು "ಹೂಂ" ಅಂತಾರ. ಎಂಬತ್ತು ವರ್ಷದ ಬಾಳೇದಾಗ ನಮ್ಮತ್ತಿನ್ನ ಯಾರೂ ಹಿಂಗ ಮಾತಾಡ್ಸಿರಲಿಲ್ಲ. ಅಸೂಟಿಯಿಂದ ಲಗ್ನಾಗಿ ಬಂದಾಕಿ, ಹೊಲ, ಮನಿ, ಒಲಿ ಬಿಟ್ರ ಬ್ಯಾರೆ ಕಂಡಿಲ್ಲ. ಮನಿ ತುಂಬ ಗಂಡಸರು ಮಾತಾಡೂಮುಂದ ಹೂಂ ಅನ್ನೂದಷ್ಟ ಆಕಿ ಪಾಲಿಗಿ ಬಂದಿತ್ತು. ಆ ಹೂಂ ಈಗ ಆಕಿಗೆ ಹೆಸರು ತಂದಿತ್ತು.

ಹಿಂಗಿದ್ದಾಗ ಮಲ್ಲು ಫೋನ್ ಮಾಡಿದ. ಹಳೇ ನಾಲ್ಕು ಸಿನಿಮಾನ ಅವರು ಹೊಸದಾಗಿ ತಿದ್ದಿ ಬಿಡ್ತಾರಂತ, ಐದನೇದೂ ಮಾಡಾಕತ್ತಾರಂತ. ಮೊಲಜ್ಜಿಗೆ ದನಿ ಕೊಟ್ಟವರನ್ನ ಬ್ಯಾರೆ ಬ್ಯಾರೆ ದೇಶದಿಂದ ಕರೆಸಿ ಒಂದು ಕಾರ್ಯಕ್ರಮ ಇಟ್ಟಾರಂತ. "ನಿಮಗೂ ಕರಿ ಬಂದೈತ್ರಿ ಅಕ್ಕೋರ" ಅಂದ. ನಾ ಹಿಗ್ಗೂದರಾಗ, "ಇನ್ನೊಂದು ಐತ್ರಿ. ಕನ್ನಡದಾಗ ಒಂದು ಹೆಚ್ಚಿನ ದನಿ ಕೇಳ್ತೈತಿ, ಅದನ್ನ ಸ್ವಚ್ಛ ಮಾಡ್ತೀವಿ ಅಂದಾರ್ರಿ. ಈಗಿನ ಮಷಿನ್ ಹಂತಾವು, ಮಾತಿಗೆ ಧಕ್ಕೆ ಇಲ್ಲದಂಗ ಹೂಂ ಅಷ್ಟ ತಗದು ಒಗೀತಾವು" ಅಂದ.

ಫೋನ್ ಸ್ಪೀಕರ್ ಮ್ಯಾಲಿತ್ತು. ಹಿಂದ ಅತ್ತಿ ಶೇಂಗಾ ಒಡಿಯೂದು ನಿಲ್ಲಿಸಿದ್ರು.

"ಸ್ವಚ್ಛ ಅಂದ್ರ? ನನ್ನ ಹೂಂ ಏನು ಕಸ ಏನಲೇ?" ಅಂದ್ರು. ಅವತ್ತ ರಾತ್ರಿ ಊಟಾನೂ ಮಾಡಲಿಲ್ಲ. ಹೊಂಡೂ ದಿನ ರೊಟ್ಟಿ ಗಂಟು ನನ್ನ ಕೈಯಾಗ ಇಟ್ಟು, "ಗಿರಿಜಾ, ಏನರ ಮಾಡು, ನನ್ನ ಹೂಂ ಉಳಿಸ್ಕೊಂಡು ಬಾ. ಇಲ್ಲಂದ್ರ ಆ ಹುಡುಗ್ರ ಮುಂದ ನಾ ಹ್ಯಾಂಗ ಮಾರಿ ತೋರಸ್ಲಿ?" ಅಂದ್ರು. ಕಣ್ಣು ತುಂಬಿದ್ವು. ನನಗೂ ತಡಕೊಳ್ಳಾಕ ಆಗಲಿಲ್ಲ.

ಟ್ಯಾಲಿನ್, ಇಳದ ದಿನ

ನಮ್ಮ ಮನಿಯವರು ನರಗುಂದದಾಗ ಹತ್ತಿ ಅಡತಿ ಅಂಗಡಿ ಇಟ್ಟಾರ. ಸುಗ್ಗಿ ಮುಗದಿತ್ತು, "ನಾನೂ ಬರ್ತೀನಿ, ನಿನಗ ಒಬ್ಬಾಕಿಗೆ ದಾರಿ ತಿಳಿಯಂಗಿಲ್ಲ" ಅಂತ ಹೊಂಟ್ರು. ದಾರಿ ತಿಳೀದ ವಿಮಾನ ನಿಲ್ದಾಣದಾಗ ಎರಡು ಸರ್ತಿ ಕಳದು ಹೋದಾವ್ರು ಅವರ.

ಟ್ಯಾಲಿನ್ ಅನ್ನೂದು ಆ ದೇಶದ ರಾಜಧಾನಿ. ಇಳದ ಕೂಡಲೆ ನಮ್ಮ ಚೀಲ ಮಷಿನ್ಯಾಗ ಹಾಕಿ ನೋಡಿದ ಸಾಹೇಬನ ಮಾರಿ ಸಣ್ಣಾತು. ಒಂದರ ಮ್ಯಾಲ ಒಂದು ದುಂಡನ ತಗಡು ಜೋಡಿಸಿ ಇಟ್ಟಂಗ ಕಂಡಿರಬೇಕು. ತಗಸಿದ. ಅತ್ತಿ ಮಾಡಿದ ಖಡಕ್ ರೊಟ್ಟಿ! ಬಡದು ನೋಡಿದ, ಬೆಳಕಿಗೆ ಹಿಡದು ನೋಡಿದ. "ರೀ, ತಿಂದು ತೋರಸ್ರಿ" ಅಂದೆ. ನಮ್ಮ ಮನಿಯವರು ಒಂದು ಮುರದು ಕಟಂ ಕಟಂ ತಿಂದ್ರು. ಆ ಮನಿಶಾ ಏನೂ ಅನ್ನಲಿಲ್ಲ, ನಗಲೂ ಇಲ್ಲ, ಹೋಗ್ರಿ ಅಂತ ಕೈ ಮಾಡಿದ.

ಏನೂ ಅನ್ನದ ಇರೂದು ಅಲ್ಲಿ ಮಂದಿ ಗುಣ ಅಂತ ಆಮ್ಯಾಲ ತಿಳೀತು. ಟ್ರಾಮ್ ಅಂತ ಒಂದು ರಸ್ತೆ ಮ್ಯಾಲಿನ ರೈಲು ಐತಿ. ತುಂಬ ಮಂದಿ, ಆದ್ರ ಒಂದು ಪಿಟ್ ಅನ್ನೂ ಸಪ್ಪಳಿಲ್ಲ. ರೋಣದ ಬಸ್‌ಸ್ಟ್ಯಾಂಡಿನ್ಯಾಗ ಕುಂತ್ರ ಬಸ್ ಬರೂದರೊಳಗ ಮಗ್ಗಲಿನವರ ಬೀಗರು ಯಾರು, ಯಾವ ದವಾಖಾನಿಗೆ ಹೊಂಟಾರ, ಎಲ್ಲಾ ತಿಳದಿರ್ತೈತಿ. ಇಲ್ಲೆ ಒಬ್ಬರಿಗೊಬ್ಬರು ಮಾರು ದೂರ ನಿಂತು ಮುಗಲು ನೋಡ್ತಾರ. ನಮ್ಮ ಮನಿಯವರು ತಡೀಲಾರದ ಒಬ್ಬ ಮುದುಕನ ಕಡೆ ನೋಡಿ ನಕ್ಕು ನಮಸ್ಕಾರ ಮಾಡಿದ್ರು. ಆ ಮುದುಕ ತನ್ನ ಹಿಂದ ಯಾರರ ನಿಂತಾರೇನು ಅಂತ ಹೊಳ್ಳಿ ನೋಡಿದ.

ನಮ್ಮನ್ನ ಕರಕೊಂಡು ಹೋಗಾಕ ಬಂದಾಕಿ ಕಾಡ್ರಿ, ಮೊಲಜ್ಜಿ ಸಿನಿಮಾದ ನಿರ್ದೇಶಕಿ. ನನಗಿಂತ ಸಣ್ಣಾಕಿ, ಗಂಡಮಕ್ಕಳಂಗ ಕೂದಲಾ ಕತ್ತರಿಸಿದಾಕಿ. ನಾ ನನ್ನ ಸಾಲಿ ಇಂಗ್ಲಿಷಿನ್ಯಾಗ ಅತ್ತಿ ಕತಿ, ಹೂಂ ಕತಿ, ಮಕ್ಕಳ ಕತಿ ಎಲ್ಲಾ ಹೇಳಿದೆ. ಆಕಿ ಒಂದು ಅಕ್ಷರ ತುಟಿ ಬಿಚ್ಚಲಿಲ್ಲ. ರಸ್ತೆ ನೋಡಿ ಗಾಡಿ ಹೊಡೀತಿದ್ಲು. ಕೆಲಸ ಕೆಟ್ಟಂಗ ಅಂತ ತಿಳಕೊಂಡು ನಾನೂ ಸುಮ್ನಾದೆ. ಇಳಿಯೂಮುಂದ ಆಕಿ, "ನೀವು ಚಂದ ಮಾತಾಡ್ತೀರಿ, ನಡುವ ಯಾಕ ನಿಲ್ಲಿಸಿದ್ರಿ?" ಅಂತ ಕೇಳಿದ್ಲು!

ಗೊಂಬಿ ಮನಿ

ಹೊರಗಿಂದ ನೋಡಿದ್ರ ಹಳೇ ಗೋದಾಮು. ಒಳಗ ಹೋದ್ರ ಕರೀ ಪಡದಿ ಕಟ್ಟಿ ಖೋಲಿ ಖೋಲಿ ಮಾಡ್ಯಾರ, ಒಂದೊಂದರಾಗ ಒಂದೊಂದು ಜಗತ್ತು.

ಸಿನಿಮಾದಾಗ ಮೊಲಜ್ಜಿ ಊರಿನ ಮ್ಯಾಲ ಹಿಮ ಬೀಳ್ತೈತಲ್ಲ, ಅದೇನು ಅಂತೀರಿ? ರವಾ! ಉಪ್ಪಿಟ್ಟಿನ ರವಾ! ನಾ ಕೈಯಾಗ ಹಿಡದು ನೋಡಿದೆ, ಖರೇನ ರವಾ. ಚಂದ್ರ ಅಂದ್ರ ಹಾಲಿನ ಪಾತೇಲಿ ಮುಚ್ಚಳ. ಹಿಮದಾಗ ನಡಿಯೂ ಹೆಜ್ಜಿ ಸಪ್ಪಳಕ್ಕ ಆಲೂಗಡ್ಡಿ ಹಿಟ್ಟು ಅರಿವ್ಯಾಗ ಕಟ್ಟಿ ಹಿಸುಕ್ತಾರ. ಕಾಡ್ರಿ ಹಿಸುಕಿ ತೋರಿಸಿದ್ಲು. ಕರಕ್, ಕರಕ್. ಕಣ್ಣು ಮುಚ್ಚಿದ್ರ ಖರೇನ ಯಾರೋ ನಡದು ಬಂದಂಗ. ಎರಡನೇ ಸಿನಿಮಾದಾಗ ಮೊಲಜ್ಜಿ ಎಡಗಿವಿ ಮಡಚೇತಿ ನೋಡ್ರಿ, ನಮ್ಮ ಮಕ್ಕಳು ಅದಕ್ಕ ಕಿವಿ ನೋವು ಅಂತ ತಿಳಕೊಂಡು ಮರುಗ್ತಾವ. ಅದು ಒಳಗಿನ ತಂತಿ ಮುರದಿದ್ದಂತ. ರಿಪೇರಿಗೆ ಪುರಸೊತ್ತಿಲ್ಲದ "ನೆಗಡಿ ಆಗೇತಿ" ಅಂತ ಒಂದು ಮಾತು ಸೇರಿಸಿ ಮುಂದ ಹೋಗ್ಯಾರ.

ಮೊಲಜ್ಜಿ ಒಲಿ ಮುಂದ ಯಾವಾಗಲೂ ಒಂದು ಖಾಲಿ ಕುರ್ಚಿ ಇರ್ತೈತಿ. ಅದನ್ನ ಖರೇನ ಕಂಡಾಗ ನನಗ ಏನೋ ನಮ್ಮವರನ್ನ ಕಂಡಂಗಾತು. ನನ್ನ ಅಂಗೈಯಾಗ ಕೂಡೂವಷ್ಟ ಸಣ್ಣ ಕುರ್ಚಿ.

ಆಮ್ಯಾಲ ಮೊಲಜ್ಜಿನ್ನ ನೋಡಿದೆ. ಐದನೇ ಸಿನಿಮಾಕ್ಕ ಕೆಲಸ ನಡದಿತ್ತು. ದೀಪದ ಕೆಳಗ, ರವಾದ ಹಿಮದಾಗ, ಒಂದು ಕಾಲು ಎತ್ತಿ ನಿಂತಿದ್ಲು. ಚಾಳೀಸು, ಸೆರಗು ಹೊತ್ತಂಗ ಒಂದು ಶಾಲು. ನಾ ಕೈ ಮುಗದೆ. ಆಕಿ ಬಾಯಾಗ ನನ್ನ ಮಾತು ಬರೂದು ಅಂದ್ರ ಹುಡುಗಾಟಿಕಿ ಅಲ್ಲ.

"ಮುಂಜಾನಿಂದ ತಗಿಯಾಕತ್ತೀವಿ. ಇದು ಮುಗದ್ರ ಆಕಿ ಒಂದು ಹೆಜ್ಜಿ ಇಟ್ಟಂಗ" ಅಂತ ಕಾಡ್ರಿ ಪಿಸುಗುಟ್ಟಿದ್ಲು. "ಸನೇಕ ಉಸಿರೂ ಬಿಡಬ್ಯಾಡ್ರಿ."

ನಾ ಉಸಿರು ಹಿಡದೆ. ನಮ್ಮ ಮನಿಯವರು ಏನು ಮಾಡಿದ್ರು ಗೊತ್ತೈತೇನು? ಅವರಿಗೆ ಇದು ಹುಟ್ಟುಗುಣ. ಹತ್ತಿ ತುಂಬಿದ ಅಂಡಗಿ ಚೀಲ ಕಂಡ್ರ ಸಾಕು, ಒಂದು ಚಿವಟಿ ಕಿತ್ತು ಎರಡೂ ಹೆಬ್ಬಟ್ಟಿನ ನಡುವ ಎಳದು ಎಳಿ ಎಷ್ಟುದ್ದ ಐತಿ ನೋಡೂದು. ಲಗ್ನದ ಮನ್ಯಾಗ ಗಾದಿ ಸಿಕ್ರೂ ಬಿಡಂಗಿಲ್ಲ. ಮೊಲಜ್ಜಿ ಹಿಂದ ಬೆಳ್ಳಗ ಗುಂಡಕ ಕುಂತ ಬಾಲ ಕಂಡ್ರು. ನಾ ನೋಡೂದರೊಳಗ ಕೈ ಹೋತು, ಚಿವಟಿ ಬಂತು, ಎಳದು ನೋಡೂದೂ ಆತು!

"ಉಲ್ಲನ್ ಚಲೋ ಐತಿ, ಎಳಿ ಉದ್ದೈತಿ" ಅಂದ್ರು.

ಮೊಲಜ್ಜಿ ಎತ್ತಿದ ಕಾಲಿನ ಕಡೆ ವಾಲಿ, ಮಾರಿ ಕೆಳಗ ಮಾಡಿ ರವಾದಾಗ ಬಿದ್ಲು.

ಬೈದಿದ್ರ ಚಲೋ ಇತ್ತು. ಯಾರೂ ಬೈಲಿಲ್ಲ. ದೀಪ ಆರಿಸಿದ್ರು. ಒಬ್ಬಾಂವ ಹೋಗಿ ಮೊಲಜ್ಜಿನ್ನ ಎತ್ತಿ ಮಾರಿ ಮ್ಯಾಲಿನ ರವಾ ಒರಿಸಿದ. ಕಾಡ್ರಿ ಕಿಡಕಿ ಹತ್ರ ಹೋಗಿ ನಮಗ ಬೆನ್ನ ಮಾಡಿ ನಿಂತ್ಲು. ಮುಂಜಾನಿಂದ ಮಾಡಿದ ಕೆಲಸ ಎಲ್ಲಾ ಹೊಳ್ಳಿ ಮಾಡಬೇಕು. ನಾ ನಾಚಿಕಿಯಿಂದ ಸತ್ತು ಹೋದೆ. ಹೊರಗ ಬಂದು, "ನಿಮ್ಮ ಕೈಗೆ ಏನು ರೋಗ ಬಂದಿತ್ರೀ? ಇಲ್ಲೆ ಅತ್ತಿ ಹೂಂ ಉಳಿಸಾಕ ಬಂದೀವೋ ಅಳಿಸಾಕ ಬಂದೀವೋ?" ಅಂತ ಬೈದೆ. ಅವತ್ತಿಂದ ಅವರು ಎಲ್ಲೆ ಹೋದ್ರೂ ಎರಡೂ ಕೈ ಬೆನ್ನ ಹಿಂದ ಕಟ್ಟಿಗೊಂಡ ಅಡ್ಡಾಡಿದ್ರು, ಪಾಪ.

ಹೆಲ್ಯೆ ಅವರ ಅಡಗಿಮನಿ

ಮರುದಿನ ಕಾಡ್ರಿ ನಮ್ಮನ್ನ ಹೆಲ್ಯೆ ಅನ್ನೂ ಮುದುಕಿ ಮನಿಗೆ ಕರಕೊಂಡು ಹೋದ್ಲು. ಮೊಲಜ್ಜಿಗೆ ಎಲ್ಲಾರಕಿಂತ ಮದಲ, ಅವರ ಭಾಷಾದಾಗ, ದನಿ ಕೊಟ್ಟಾಕಿ ಇಕಿ. ವಯಸ್ಸು ನಮ್ಮತ್ತಿದ. ಬಾಗಲದಾಗ ಚಪ್ಪಲಿ ಬಿಡಬೇಕು, ನಮ್ಮಲ್ಲೆ ಬಿಟ್ಟಂಗ. ಅಷ್ಟು ಕಂಡು ನನ್ನ ಜೀವಕ್ಕ ಸಮಾಧಾನಾತು. ಅಡಗಿಮನ್ಯಾಗ ಕೂಡಿಸಿ ಕರೀ ರೊಟ್ಟಿ ಕೊಟ್ರು, ಅವರ ರೊಟ್ಟಿ ದಪ್ಪಗ, ಹುಳಿ ಹುಳಿ, ಮಣ್ಣಿನ ಬಣ್ಣದ್ದು. ನಾನೂ ಅತ್ತಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಹೆಲ್ಯೆ ಒಂದು ಖಡಕ್ ರೊಟ್ಟಿ ಎರಡೂ ಕೈಲೆ ಮುರದ್ರು. ಫಟಾರ್ ಅಂತ ಸಪ್ಪಳಾತು. ಕಾಡ್ರಿ ಕಿವಿ ನಿಮರಿದ್ವು. ಇನ್ನೊಂದು ತಗೊಂಡು ತಾನ ಮುರದ್ಲು, ಕಿವಿ ಹತ್ರ ಹಿಡದು ಮತ್ತೊಂದು ಮುರದ್ಲು. "ಇದು ಕೆರಿ ಮ್ಯಾಲಿನ ಹಿಮಗಡ್ಡಿ ಸೀಳೂ ಸಪ್ಪಳ. ನಾವು ವರ್ಷಾ ಆತು ಹುಡುಕಾಕತ್ತೀವಿ" ಅಂದ್ಲು. ನಮ್ಮ ಮನಿಯವರ ಕಡೆ ನೋಡಿ ಒಂದೀಟು ನಕ್ಲು. ಐದನೇ ಸಿನಿಮಾ ಬಂದಾಗ ಕೆರಿ ಒಡಿಯೂ ಸಪ್ಪಳ ಕೇಳ್ರಿ, ಅದು ರೋಣದ ಜೋಳ.

ರೊಟ್ಟಿ ಸಿಟ್ಟು ಇಳಿಸಿತು ಅಂತ ನಾ ಧೈರ್ಯಾ ಮಾಡಿ ಹೆಲ್ಯೆ ಅವರಿಗೆ ನಮ್ಮತ್ತಿ ಸುದ್ದಿ ಹೇಳಾಕ ಸುರು ಮಾಡಿದೆ. ನಾ ಹೇಳೂದು, ಕಾಡ್ರಿ ಅವರ ಭಾಷಾಕ್ಕ ತಿರುಗಿಸಿ ಹೇಳೂದು. ಸ್ವಲ್ಪ ಹೊತ್ತಾಗೂದರಾಗ ಹೆಲ್ಯೆ ಒಮ್ಮಿಗೆಲೆ ಬಾಯಿ ತಗದು "ಯಾ" ಅಂತ ಉಸಿರು ಒಳಗ ಎಳಕೊಂಡ್ರು. ಮತ್ತೊಂದೀಟಿಗೆ ಮತ್ತ "ಯಾ". ಅಯ್ಯ ಶಿವನ, ಮುದುಕಿಗೆ ದಮ್ಮು ಹತ್ತೇತಿ! ನಾ ಎದ್ದವಳ ನೀರಿನ ಗ್ಲಾಸ್ ಅವರ ಬಾಯಿಗೆ ಹಿಡದೆ, ಬೆನ್ನ ತಿಕ್ಕಿದೆ. "ರೀ, ಕಿಡಕಿ ತಗೀರಿ!" ಅಂದೆ. ನಮ್ಮ ಮನಿಯವರು ಕೈ ಬೆನ್ನ ಹಿಂದ ಕಟ್ಟಿಗೊಂಡು ಓಡಿದ್ರು, ಆಮ್ಯಾಲ ಕೈ ಬೇಕು ಅಂತ ನೆನಪಾತು.

ಹೆಲ್ಯೆ ನೀರು ಮೈಮ್ಯಾಲ ಚೆಲ್ಲಿಕೊಂಡು, ಗಾಬರಿಯಾಗಿ ನೋಡಿದ್ರು. ಕಾಡ್ರಿ ನಕ್ಕು ನಕ್ಕು ಕುರ್ಚಿ ಹಿಡಕೊಂಡ್ಲು. ಅದು ದಮ್ಮಲ್ಲಂತ. ಅಲ್ಲಿ ಹೆಣ್ಣುಮಕ್ಕಳು ಇನ್ನೊಬ್ಬರ ಮಾತು ಕೇಳೂಮುಂದ ಉಸಿರು ಒಳಗ ಎಳಕೊಂಡು "ಹೌದು" ಅಂತಾರಂತ. ನಾವು ಹೊರಗ ಬಿಟ್ಟು ಹೂಂ ಅಂತೀವಿ, ಅವರು ಒಳಗ ಎಳಕೊಂಡು ಅಂತಾರ. ಅಷ್ಟ!

"ನೋಡ್ರಿ, ನಿಮ್ಮಲ್ಲೂ ಹೂಂ ಐತಿ!" ಅಂದೆ ನಾ ಕಾಡ್ರಿಗೆ. "ಹಂಗಾದ್ರ ನಮ್ಮತ್ತೀದು ಯಾಕ ತಗೀತೀರಿ?"

ಆಕಿ ನಗೂದು ನಿಲ್ಲಿಸಿ ಗಂಭೀರಾದ್ಲು. ದುಷ್ಟತನ ಇರಲಿಲ್ಲ, ಆಕಿಗೆ ಆಕಿ ಕಾರಣ ಇತ್ತು. "ಗಿರಿಜಾ, ಆ ಸೀನಿನ್ಯಾಗ ಮರಿಗಳು ನಿದ್ದಿ ಮಾಡ್ಯಾವ. ಒಲಿ ಮುಂದ ಮೊಲಜ್ಜಿ ಒಬ್ಬಾಕಿ. ನಾವು ಒಂದು ಕೂದಲಾ ಸರಿಸಾಕೂ ಕಾರಣ ಹುಡುಕ್ತೀವಿ. ನೀವ ಹೇಳ್ರಿ, ಹೂಂ ಅನ್ನಾವ್ರು ಯಾರು?"

ಇಷ್ಟು ವರ್ಷ ಸಾಲಿ ಕಲಿಸಿದಾಕಿ, ಪ್ರಶ್ನೆ ಕೇಳಿಸಿಕೊಂಡ ಹುಡುಗಿಯಂಗ ತಲಿ ತಗ್ಗಿಸಿ ಕುಂತೆ. ರೂಮಿಗೆ ಬಂದ ಮ್ಯಾಲ ಅತ್ತಿ ಫೋನ್ ಬಂತು. "ಏನಾತು?" ಅಂದ್ರು. "ಇನ್ನೂ ಮಾತು ನಡದೈತ್ರಿ ಅತ್ತಿ" ಅಂದೆ. "ಹೂಂ" ಅಂದ್ರು. ಅಂಥಾ ಸೋತ ಹೂಂ ನಾ ಅವರ ಬಾಯಿಂದ ಕೇಳಿರಲಿಲ್ಲ.

ಸಭಾ

ಕಾರ್ಯಕ್ರಮ ಒಂದು ಸಣ್ಣ ನಾಟಕದ ಮನ್ಯಾಗ ಇತ್ತು. ಬ್ಯಾರೆ ಬ್ಯಾರೆ ದೇಶದ ಮೊಲಜ್ಜಿಗಳೆಲ್ಲಾ ಸಾಲಾಗಿ ಕುಂತಿದ್ವಿ. ಒಬ್ಬಾಕಿ ದಪ್ಪ ದನಿ, ಒಬ್ಬಾಕಿ ಕೀರಲು ದನಿ, ಒಂದು ದೇಶದ ಮೊಲಜ್ಜಿ ಅಂತೂ ಮೀಸಿ ಇದ್ದ ಗಂಡಸು! ಎಲ್ಲಾರ ಎದುರಿಗೆ ಹೆಲ್ಯೆ ಒಂದು ಕುರ್ಚಿ ಮ್ಯಾಲ ಕುಂತು, ಕಾಗದ ಇಲ್ಲದ, ಮೊದಲನೇ ಸಿನಿಮಾದ ಕತಿ ಹೇಳಾಕ ಸುರು ಮಾಡಿದ್ರು.

ಸಭಾ ಗಪ್‌ಚಿಪ್. ಕೆಮ್ಮೂದೂ ಇಲ್ಲ. ಅಲ್ಲಿ ಮಂದಿ ಮರ್ಯಾದಿ ಅಂದ್ರ ಅದ. ಇಬ್ಬರು ಕುಂತು ಮಾತಾಡೂಮುಂದ ಉಸಿರು ಎಳಕೊಳ್ಳೂ ಮಂದಿ, ಸಭಾಕ್ಕ ಬಂದ್ರ ಉಸಿರನೂ ಬಿಗಿ ಹಿಡದು ಕೇಳ್ತಾರ. ಹೆಲ್ಯೆ ಹೇಳ್ಕೋತ ಹೇಳ್ಕೋತ ಒಂದು ಕಡೆ ತಡದ್ರು. ಮುಂದಿನ ಮಾತು ಮರತಿತ್ತೋ, ಎದಿ ಅಂಜಿತೋ ಗೊತ್ತಿಲ್ಲ. ಮಂದಿ ಹಂಗ ನೋಡ್ಕೋತ ಕುಂತೈತಿ. ಮೊಲಜ್ಜಿ ಹಿಮದಾಗ ಒಂದು ಕಾಲು ಎತ್ತಿ ನಿಂತಾಳ, ಹೂಂ ಅಂದ್ರ ಮುಂದ ಹೆಜ್ಜಿ ಇಡಾಕಿ, ಯಾರೂ ಹೂಂ ಅನವಲ್ರು!

"ಹೂಂ" ಅಂದೆ. ಅಂದೆ ಅಂತ ನನಗ ಗೊತ್ತ ಆಗಲಿಲ್ಲ. ಬಾಯಿ ತಾನ ಅಂದು ಬಿಟ್ತು, ಅದೂ ಖೋಲಿ ತುಂಬ ಕೇಳೂವಂಗ.

ಎಲ್ಲಾ ತಲಿನೂ ನನ್ನ ಕಡೆ ಹೊಳ್ಳಿದ್ವು. ಭೂಮಿ ಬಾಯಿ ಬಿಟ್ಟಿದ್ರ ಇಳದು ಬಿಡ್ತಿದ್ದೆ. ಆದ್ರ ಹೆಲ್ಯೆ ಕಣ್ಣೂ ನನ್ನ ಮ್ಯಾಲ ಬಿದ್ವು. ಒಂದು ಗಳಿಗಿ ನೋಡಿದ್ರು. ಆಮ್ಯಾಲ ಕುರ್ಚಿ ಒಂದೀಟು ನನ್ನ ಕಡೆ ತಿರುಗಿಸಿಕೊಂಡು ಮುಂದಿನ ಮಾತು ಹೇಳಿದ್ರು, ಹೇಳಿ ನಿಂತ್ರು. ನಾ "ಹೂಂ" ಅಂದೆ. ಮತ್ತ ಹೇಳಿದ್ರು, ಮತ್ತ "ಹೂಂ". ನನಗ ಒಂದು ಅಕ್ಷರ ಅರ್ಥ ಆಗೂದಿಲ್ಲ, ಆದ್ರೂ ಎಲ್ಲೆ ಹೂಂ ಬೇಕು ಅನ್ನೂದು ತಿಳೀತಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನ್ಯಾಗ ಯಾರೋ "ಯಾ" ಅಂತ ಉಸಿರು ಎಳಕೊಂಡ್ರು. ಇನ್ನೊಬ್ಬಾಕಿ ಎಳಕೊಂಡ್ಲು. ಮೀಸಿ ಮೊಲಜ್ಜಿನೂ ತನ್ನ ಭಾಷಾದಾಗ ಏನೋ ಅಂದ. ಕತಿ ಮುಗಿಯೂದರಾಗ ಇಡೀ ಸಭಾ ಸವಡಿ ಸಾಲಿ ಆಗಿತ್ತು.

ಮತ್ತ ಗೊಂಬಿ ಮನಿ

ಹೊಂಡೂ ಮುಂಚೆ ಕಾಡ್ರಿ ನಮ್ಮನ್ನ ಮತ್ತ ಗೊಂಬಿ ಮನಿಗೆ ಕರೆದ್ಲು. ನಮ್ಮ ಮನಿಯವರು ಬಾಗಲದಾಗ ನಿಂತು, "ನಾ ಹೊರಗ ಇರ್ತೀನಿ ಬಿಡು" ಅಂದ್ರು. ಆಕಿ ಕೈ ಹಿಡದು ಒಳಗ ಕರಕೊಂಡ್ಲು.

ಒಂದು ಹಳೇ ಡಬ್ಬಿ ತಗದ್ಲು. ಒಳಗ ಒಂದು ಗೊಂಬಿ, ಅರ್ಧ ಮಾರಿ ಇಲ್ಲ, ಹೊಟ್ಟಿ ಹರದೈತಿ. "ಇಂವ ಮೊಲಜ್ಜ" ಅಂದ್ಲು. "ಮೊದಲನೇ ಸಿನಿಮಾಕ್ಕ ಮಾಡಿದ್ವಿ. ಆಗ ಗೊಂಬಿ ಹೊಟ್ಟ್ಯಾಗ ತೌಡು ತುಂಬತಿದ್ವಿ. ನಾಳೆ ಶೂಟಿಂಗ್ ಅನ್ನೂದರಾಗ ಇಲಿ ತಿಂದು ಬಿಟ್ವು. ಇನ್ನೊಂದು ಮಾಡಾಕ ದಿನಾ ಇರಲಿಲ್ಲ. ಅವನ ಕುರ್ಚಿ ಖಾಲಿ ಬಿಟ್ಟು ಸಿನಿಮಾ ತಗದ್ವಿ. ಮಂದಿ ಅಜ್ಜ ಸತ್ತು ಹೋಗ್ಯಾನ ಅಂತ ತಿಳಕೊಂಡು ಅತ್ರು. ನಾವು ಇಲಿ ಅಂತ ಹ್ಯಾಂಗ ಹೇಳೂದು?"

ನಾವು ನಗಬೇಕೋ ಮರುಗಬೇಕೋ ತಿಳೀಲಿಲ್ಲ. ಕಾಡ್ರಿ ಆ ಸಣ್ಣ ಕುರ್ಚಿ ಮೇಜಿನ ಮ್ಯಾಲ ಇಟ್ಲು. ನಮ್ಮ ಮನಿಯವರು ಬೆನ್ನ ಹಿಂದ ಕೈ ಕಟ್ಟಿಗೊಂಡ ಬಗ್ಗಿ ನೋಡಿದ್ರು, ನೋಡಿ ನನ್ನ ಕಡೆ ಹೊಳ್ಳಿ, "ಅಲ್ಲ ಗಿರಿಜಾ, ಇದು ಖಾಲಿ ಅಂತಾಳಲ್ಲ ಈಕಿ? ನಮ್ಮ ಹುಡುಗ್ರು ಹಂಗ ಅನ್ನಂಗಿಲ್ಲಲ್ಲ" ಅಂದ್ರು.

"ಮತ್ತೇನಂತಾವ್ರೀ?"

"ಅವ್ವ ಚಿಕ್ಕನರಗುಂದಕ್ಕ ಬಂದಾಗ ಹುಡುಗ್ರು ಕೇಳಲಿಲ್ಲೇನು, 'ಅಜ್ಜಿ, ನೀವು ಆ ಕುರ್ಚ್ಯಾಗ ಕುಂತೀರಿ ಹೌದಲ್ಲ, ನಮಗ ಯಾಕ ಕಾಣಂಗಿಲ್ಲ' ಅಂತ? ಅವ್ವ ಏನಂದ್ಲು? 'ಒಲಿ ಬೆಳಕು ನನ್ನ ಕಡೆ ಬೀಳಂಗಿಲ್ಲೋ ತಮ್ಮಾ' ಅಂದ್ಲು."

ಖರೇ! ಅವತ್ತ ನಾ ಪ್ಯಾಟಿಗೆ ಹೋಗಿದ್ದೆ, ಆಮ್ಯಾಲ ಅತ್ತಿ ನಕ್ಕೋತ ಹೇಳಿದ್ದನ್ನ ಮರತ ಬಿಟ್ಟಿದ್ದೆ. ಅದನ್ನ ಕಾಡ್ರಿಗೆ ಇಂಗ್ಲಿಷಿನ್ಯಾಗ ಹೇಳಿದೆ. "ನೀವು ಕೇಳಿದ್ರಲ್ಲ, ಹೂಂ ಅನ್ನಾವ್ರು ಯಾರು ಅಂತ. ನಮ್ಮ ಮಕ್ಕಳಿಗೆ ಗೊತ್ತೈತಿ. ಈ ಕುರ್ಚ್ಯಾಗ ಕುಂತಾಕಿ. ಅವರ ಕಣ್ಣಿಗೆ ಇದು ಎಂದೂ ಖಾಲಿ ಇಲ್ಲ" ಅಂದೆ.

ಕಾಡ್ರಿ ಮಾತಾಡಲಿಲ್ಲ. ಈ ಸರ್ತಿ ನಾನೂ ಗಡಬಡಿಸಲಿಲ್ಲ, ಸುಮ್ನ ಕುಂತೆ. ಅಷ್ಟು ದಿನದಾಗ ಅಷ್ಟರ ಕಲತಿದ್ದೆ. ಆಕಿ ಕುರ್ಚಿ ಎತ್ತಿ ಒಲಿ ಸನೇಕ ಇಟ್ಲು, ತಗದು ಒಂದೀಟು ಕತ್ತಲಿ ಕಡೆ ಇಟ್ಲು. ಬಗ್ಗಿ ನೋಡಿದ್ಲು. ಆಮ್ಯಾಲ ಬಾಯಿ ತಗದು, ಉಸಿರು ಒಳಗ ಎಳಕೊಂಡು, "ಯಾ" ಅಂದ್ಲು.

ಕನ್ನಡದ ಹೂಂ ಯಾರೂ ಮುಟ್ಟಂಗಿಲ್ಲ ಅಂತ ಅಲ್ಲೇ ಹೇಳಿದ್ಲು. ಐದನೇ ಸಿನಿಮಾದಾಗ ಆ ಕುರ್ಚ್ಯಾಗ ಒಬ್ಬಾಕಿ ಮುದಿ ಮೊಲ ಕುಂದರ್ತಾಳ. ಮಾರಿ ಕಾಣಂಗಿಲ್ಲ, ಕತ್ತಲ್ಯಾಗ ಎರಡು ಕಿವಿ ಅಷ್ಟ. "ಹೂಂ ನಿಮ್ಮತ್ತೀದ ಬೇಕು. ಹೆಲ್ಯೆ ದನಿ ಇರೂ ನಮ್ಮ ಭಾಷಾದ ಸಿನಿಮಾಕ್ಕೂ, ಎಲ್ಲಾ ಭಾಷಾಕ್ಕೂ. ಹೂಂ ಅನ್ನೂದನ್ನ ಯಾರೂ ತಿರುಗಿಸಿ ಹೇಳೂದು ಬ್ಯಾಡಲ್ಲ?" ಅಂದ್ಲು. ನಮ್ಮ ಮನಿಯವರು ಬೆನ್ನ ಹಿಂದಿನ ಕೈ ಬಿಚ್ಚಿ, ಎರಡೂ ಜೋಡಿಸಿ ಮುಗದ್ರು.

ಮತ್ತ ರೋಣ

ಅತ್ತಿಗೆ ಫೋನಿನ್ಯಾಗ ಹೇಳಲಿಲ್ಲ. ಇಂಥಾದ್ದು ಎದುರಿಗೆ ಕುಂತ ಹೇಳಬೇಕು. ಮನಿಗೆ ಬಂದು ಕಾಲು ತೊಳಕೊಂಡು ಕುಂತ್ವಿ. ಅತ್ತಿ ಚಾ ಕೊಟ್ರು. ಏನಾತು ಅಂತ ಕೇಳಲಿಲ್ಲ, ಕೇಳಾಕ ಅಂಜಿದ್ರು. ಮಗ್ಗಲಕ್ಕ ಕುಂತು ಶೇಂಗಾ ಮೊರಾ ಮುಂದ ಎಳಕೊಂಡ್ರು. ನಾ ಕತಿ ಹೇಳಿದಂಗ ಮದಲಿಂದ ಸುರು ಮಾಡಿದೆ. ರೊಟ್ಟಿ ಬಡದು ನೋಡಿದ ಸಾಹೇಬ, "ಹೂಂ." ರವಾದ ಹಿಮ, "ಹೂಂ." ನಿಮ್ಮ ಮಗ ಬಾಲ ಕಿತ್ರು ಅಂದಾಗ ಮಗನ ಕಡೆ ಕೆಕ್ಕರಿಸಿ ನೋಡಿ, "ಹೂಂ." ದಮ್ಮು ಹತ್ತಿದ ಮುದುಕಿ, ಸಭಾ, ಇಲಿ ತಿಂದ ಮೊಲಜ್ಜ, ಖಾಲಿ ಕುರ್ಚಿ.

"ಆ ಕುರ್ಚ್ಯಾಗ ಇನ್ನ ಮುಂದ ಒಬ್ಬಾಕಿ ಕುಂದರ್ತಾಳಂತ್ರಿ ಅತ್ತಿ. ಆಕಿಗೆ ಮಾತಿಲ್ಲಂತ. ಬರೇ ಹೂಂ ಅಂತ. ಅದು ನಿಮ್ಮದ ಬೇಕಂತ, ಎಲ್ಲಾ ದೇಶಕ್ಕೂ" ಅಂದೆ. ಅಂದು ಕಾದೆ.

ಹೂಂ ಬರಲಿಲ್ಲ.

ಹೊಳ್ಳಿ ನೋಡಿದೆ. ಅತ್ತಿ ಮೊರದಾಗ ಕೈ ಇಟ್ಟಂಗ ಕುಂತಿದ್ರು, ಸೆರಗು ಬಾಯಿಗೆ ಒತ್ತಿ ಹಿಡದಿದ್ರು, ಕಣ್ಣಾಗಿಂದ ನೀರು ಶೇಂಗಾ ಮ್ಯಾಲ ಬೀಳ್ತಿತ್ತು. ನಾ ಈ ಮನಿಗೆ ಬಂದಾಗಿಂದ ಅತ್ತಿ ಯಾರ ಮಾತಿಗೂ ಹೂಂ ತಪ್ಪಿಸಿದಾಕಿ ಅಲ್ಲ.

"ಅತ್ತಿ, ಹೂಂ ಅನ್ರಿ. ಮೊಲಜ್ಜಿ ಹಿಮದಾಗ ನಿಂತಾಳ" ಅಂದೆ.

"ನಿಂದ್ರಲಿ ಬಿಡು" ಅಂದ್ರು ಅತ್ತಿ, ಮೂಗು ಒರಸ್ಕೋತ. "ಈ ಒಂದು ಸಲ ನನಗ ಸುಮ್ನ ಕೇಳಾಕ ಬಿಡು."